ಎಂಬಿಎ ಓದಬೇಕೆಂಬ ಮಕ್ಕಳಿಗೆ: ಮೊದಲು ಕಾಗದಪತ್ರ, ಆಮೇಲೆ ಕೋಚಿಂಗ್



ಕಳೆದ ವರ್ಷ ಕಂಬಂ ಕಡೆಯ ನಮ್ಮ ಸದಸ್ಯರೊಬ್ಬರ ಮಗ ಕ್ಯಾಟ್ ಪರೀಕ್ಷೆಗೆ ವರ್ಷವಿಡೀ ಓದಿದ. ಅರ್ಜಿ ತುಂಬಲು ಕುಳಿತಾಗ ಅವನ ಕೈಯಲ್ಲಿದ್ದದ್ದು ತಮಿಳುನಾಡು ಸರ್ಕಾರದ ಬಿಸಿ ಜಾತಿ ಪತ್ರ ಮಾತ್ರ. ಅಲ್ಲಿ ಕೇಳಿದ್ದು ಕೇಂದ್ರದ ನಮೂನೆಯ ಒಬಿಸಿ ಪತ್ರ. ಕೊನೇ ದಿನ ಹತ್ತಿರವಾಗಿತ್ತು, ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕಿದ. ಒಮ್ಮೆ ತುಂಬಿದ ವರ್ಗವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಅಂಕ ಚೆನ್ನಾಗಿಯೇ ಬಂತು, ಆದರೆ ಸಂದರ್ಶನದ ಕರೆ ಬರಲಿಲ್ಲ. ಅವನ ತಂದೆಯವರೇ "ಬೇರೆ ಮಕ್ಕಳಿಗಾದರೂ ಹೇಳಿ" ಎಂದದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಜಾತಿ ಪತ್ರ

ನಮ್ಮ ಕಣಿವೆಯಲ್ಲಿ ಕನ್ನಡ ಮಾತಾಡುವ ಹೆಚ್ಚಿನ ಮನೆಗಳು ರಾಜ್ಯದ ಪಟ್ಟಿಯಲ್ಲಿ ಹಿಂದುಳಿದ ವರ್ಗದವು. ಐಐಎಂಗಳಲ್ಲಿ ಒಬಿಸಿಗೆ 27 ಶೇಕಡ ಮೀಸಲು ಇದೆ. ಆದರೆ ಅದಕ್ಕೆ ಕೆನೆಪದರಕ್ಕೆ ಸೇರಿಲ್ಲವೆಂದು ತಹಶೀಲ್ದಾರರು ಕೇಂದ್ರದ ನಮೂನೆಯಲ್ಲಿ ಕೊಟ್ಟ ಪತ್ರ ಬೇಕು. ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇರುವಂತೆಯೇ ಪತ್ರದಲ್ಲಿ ಇದೆಯೇ ಎಂದು ಅಕ್ಷರ ಅಕ್ಷರ ನೋಡಿಕೊಳ್ಳಿ.

"ದ್ರಾಕ್ಷಿ ತೋಟದ ವರಮಾನ ಸೇರಿಸಿದರೆ ಎಂಟು ಲಕ್ಷ ದಾಟುತ್ತದಲ್ಲ?" ಎಂದು ಹಲವರು ಕೇಳುತ್ತಾರೆ. ಬೇಸಾಯದ ಆದಾಯವೂ ಸಂಬಳವೂ ಆ 8 ಲಕ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಜಮೀನಿನ ಅಳತೆಗೆ ಮತ್ತು ಸರ್ಕಾರಿ ಹುದ್ದೆಯ ದರ್ಜೆಗೆ ಬೇರೆ ನಿಯಮಗಳಿವೆ. ಇದನ್ನು ತಿಳಿಯದೆ ಅರ್ಜಿಯನ್ನೇ ಹಾಕದವರು ನಮ್ಮಲ್ಲಿದ್ದಾರೆ.

ಪರೀಕ್ಷೆಗಳು

ಕ್ಯಾಟ್‌ಗೆ ಆಗಸ್ಟ್‌ನಲ್ಲಿ ಅರ್ಜಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ, ಪರೀಕ್ಷೆ ನವೆಂಬರ್ ಕೊನೆಗೆ. ಆದ್ದರಿಂದ ಜೂನ್‌ನಲ್ಲೇ ಇ-ಸೇವೈ ಕೇಂದ್ರಕ್ಕೆ ಹೋಗಿ. ಪದವಿಯಲ್ಲಿ 50 ಶೇಕಡ ಅಂಕ ಬೇಕು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 45 ಸಾಕು. ಕೊನೇ ವರ್ಷ ಓದುತ್ತಿರುವವರೂ ಬರೆಯಬಹುದು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ, ಗಣಿತ ಎಂದು ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ತಮಿಳುನಾಡಿನ ಕಾಲೇಜುಗಳಿಗೆ ಅಣ್ಣಾ ವಿಶ್ವವಿದ್ಯಾಲಯ ನಡೆಸುವ ಟಾನ್ಸೆಟ್ ಬೇರೆ ಇದೆ.

ಕನ್ನಡದವರೆಂದು ಕರ್ನಾಟಕದಲ್ಲಿ ಸೀಟು ಸಿಗುತ್ತದೆಯೇ?

ಮನೆಮಾತು ಕನ್ನಡ ಎಂದ ಮಾತ್ರಕ್ಕೆ ಸಿಗುವುದಿಲ್ಲ. ಐಐಎಂ ಬೆಂಗಳೂರು ಅಖಿಲ ಭಾರತ ಸಂಸ್ಥೆ, ಅಲ್ಲಿ ಕರ್ನಾಟಕದವರಿಗೂ ಪ್ರತ್ಯೇಕ ಸೀಟಿಲ್ಲ. ಕರ್ನಾಟಕದ ಸಿಇಟಿಯ ಗಡಿನಾಡು ನಿಯಮದಲ್ಲಿ ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ಮುಂತಾದ ತಾಲ್ಲೂಕುಗಳ ಹೆಸರಿದೆ, ತೇನಿ ದಿಂಡಿಗಲ್‌ಗಳದ್ದಿಲ್ಲ. ಹೊರನಾಡು ಕನ್ನಡಿಗರೆಂದು ಕೇಳುವವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಮ್ಮ ಮಕ್ಕಳು ಅಜ್ಜಿಯ ಜತೆ ಕನ್ನಡ ಆಡುತ್ತಾರೆ, ಆದರೆ ಬರೆಯುವುದು ತಮಿಳಿನಲ್ಲಿ. ರಜೆಯಲ್ಲಿ ಅಕ್ಷರ ಕಲಿಸಿ ಎಂದು ನಾವು ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಸಾಲದ ಲೆಕ್ಕ

ಕಚೇರಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಅಭ್ಯಾಸದಿಂದ ಇದನ್ನು ಬಿಡಿಸಿ ಹೇಳುತ್ತೇವೆ. 10 ಲಕ್ಷ ಸಾಲ, ಬಡ್ಡಿ 10 ಶೇಕಡ, ಅವಧಿ 10 ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 13,200 ರೂಪಾಯಿ. ಒಟ್ಟು ಕಟ್ಟುವುದು 15 ಲಕ್ಷ 85 ಸಾವಿರದಷ್ಟು. ಓದುವ ಕಾಲದಲ್ಲಿ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಕಾಲೇಜಿಗೆ ಹೋದಾಗ ಅತಿ ಹೆಚ್ಚು ಸಂಬಳ ಎಷ್ಟು ಎಂದು ಕೇಳಬೇಡಿ. ತರಗತಿಯ ನಡುವಿನ ಹುಡುಗನಿಗೆ ಎಷ್ಟು ಸಿಕ್ಕಿತು, ಎಷ್ಟು ಜನರಿಗೆ ಕೆಲಸವೇ ಸಿಗಲಿಲ್ಲ ಎಂದು ಕೇಳಿ. ಆ ನಡುವಿನ ಸಂಬಳದಲ್ಲಿ ಬಾಡಿಗೆ, ಊಟ ಕಳೆದು ಕಂತು ಕಟ್ಟಲು ಆಗದಿದ್ದರೆ ತೋಟ ಅಡವಿಟ್ಟು ಆ ಕಾಲೇಜಿಗೆ ಸೇರಿಸಬೇಡಿ. ಹೆಸರಾಂತ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದವರಿಗೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಸ್ತಿ ಅಡವಿಲ್ಲದೆ ಸಾಲ ಸಿಗುತ್ತದೆ.

ಎಲ್ಲಿ ಓದುವುದು?

ದೊಡ್ಡ ಹೆಸರುಗಳಷ್ಟೇ ದಾರಿಯಲ್ಲ. ತಿರುಚ್ಚಿಯಲ್ಲಿ 2011ರಿಂದ ಐಐಎಂ ಇದೆ. ದಿಂಡಿಗಲ್ ಪಕ್ಕದಲ್ಲೇ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆ ಇದೆ. ಬೋಡಿಯ ಏಲಕ್ಕಿ ವ್ಯಾಪಾರದ ಮನೆಯ ಮಕ್ಕಳು ಬೆಂಗಳೂರಿನ ಭಾರತೀಯ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನೂ ವಿಚಾರಿಸಲಿ. ಕೇಂದ್ರ ವಾಣಿಜ್ಯ ಸಚಿವಾಲಯ 1993ರಲ್ಲಿ ಸ್ಥಾಪಿಸಿದ ಇದರಲ್ಲಿ ಕಾಫಿ, ಟೀ, ಸಾಂಬಾರ ಪದಾರ್ಥಗಳ ವ್ಯವಹಾರವೇ ಪಾಠ. ಬೋಡಿಯ ಏಲಕ್ಕಿ ಹರಾಜನ್ನು ಕಣ್ಣಾರೆ ಕಂಡ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕುಮಿಳಿ ದಾಟಿದರೆ ಮಲಯಾಳಂ ಆಡುವ ಮಕ್ಕಳಿಗೆ ಸಂದರ್ಶನದಲ್ಲಿ ಹೇಳಲು ಬೇಕಾದಷ್ಟಿದೆ. ಅದನ್ನು ಮುಚ್ಚಿಡಬಾರದು.

ಮೇಲೆ ಹೇಳಿದ ಹುಡುಗ ಈಗ ಒಂದು ನೂಲಿನ ಗಿರಣಿಯ ಲೆಕ್ಕ ವಿಭಾಗದಲ್ಲಿದ್ದಾನೆ. ಈ ಸಲ ಪತ್ರ ಕೈಯಲ್ಲಿಟ್ಟುಕೊಂಡು ಮತ್ತೆ ಬರೆಯುತ್ತಾನೆ.

ಅರ್ಜಿ ತುಂಬುವ ಮಕ್ಕಳು ಪತ್ರಗಳ ನಕಲು ತೆಗೆದುಕೊಂಡು ಹೆತ್ತವರ ಜತೆ ಸಂಘದ ಕಚೇರಿಗೆ ಬರಬಹುದು. ಕುಳಿತು ಒಂದೊಂದಾಗಿ ನೋಡೋಣ. ಶುಲ್ಕವೇನೂ ಇಲ್ಲ.

ಇಂತಿ,
ಕಾರ್ಯದರ್ಶಿ