ನಿಮಗಿದು ಗೊತ್ತೆ? ಸ್ವಂತ ಕ್ಷೇತ್ರದಲ್ಲಿ ಸೋತರೂ ಪ್ರಧಾನಿ!

ಕೆನಡಾದಲ್ಲಿ ಅತಿ ಹೆಚ್ಚು ಕಾಲ, ಒಟ್ಟು 21 ವರ್ಷಕ್ಕೂ ಮಿಗಿಲಾಗಿ, ಪ್ರಧಾನಿಯಾಗಿದ್ದ ವಿಲಿಯಂ ಲಯನ್ ಮೆಕೆಂಜಿ ಕಿಂಗ್ ಅಧಿಕಾರದಲ್ಲಿದ್ದಾಗಲೇ ಎರಡು ಸಲ ತಮ್ಮ ಕ್ಷೇತ್ರದಲ್ಲಿ ಸೋತಿದ್ದರು.

1925ರಲ್ಲಿ ಒಂಟಾರಿಯೊ ಪ್ರಾಂತ್ಯದ ಯಾರ್ಕ್ ನಾರ್ತ್ ಕ್ಷೇತ್ರ ಅವರನ್ನು ಕೈಬಿಟ್ಟಿತು. ಅವರ ಲಿಬರಲ್ ಪಕ್ಷಕ್ಕೂ ಬಹುಮತ ಬರಲಿಲ್ಲ. ಪ್ರೋಗ್ರೆಸಿವ್ ಪಕ್ಷದವರ ಬೆಂಬಲದಿಂದ ಸರ್ಕಾರವೇನೋ ಉಳಿಯಿತು. ಆದರೆ ಸದಸ್ಯತ್ವವೇ ಇಲ್ಲದ ಪ್ರಧಾನಿ ಸದನದಲ್ಲಿ ಕೂರುವಂತಿರಲಿಲ್ಲ. 1926ರ ಜನವರಿಯಲ್ಲಿ ಅಧಿವೇಶನ ಶುರುವಾದಾಗ ಸರ್ಕಾರದ ಪರ ನಿಂತು ಮಾತಾಡಿದವರು ಸಚಿವ ಅರ್ನೆಸ್ಟ್ ಲಪ್ವಾಂಟ್.

ಆಗ ಕೈಹಿಡಿದದ್ದು ದೂರದ ಸಸ್ಕಾಚುವಾನ್ ಪ್ರಾಂತ್ಯದ ಪ್ರಿನ್ಸ್ ಆಲ್ಬರ್ಟ್. ಅಲ್ಲಿ ಆಗಷ್ಟೇ ಗೆದ್ದಿದ್ದ ಚಾರ್ಲ್ಸ್ ಮೆಕ್‌ಡೊನಾಲ್ಡ್ ರಾಜೀನಾಮೆ ಕೊಟ್ಟು ಜಾಗ ತೆರವು ಮಾಡಿದರು. ಫೆಬ್ರುವರಿಯ ಉಪಚುನಾವಣೆಯಲ್ಲಿ ಗೆದ್ದು ಕಿಂಗ್ ಸದನಕ್ಕೆ ಮರಳಿದರು. ಮೆಕ್‌ಡೊನಾಲ್ಡ್ ಅವರ ತ್ಯಾಗವನ್ನು ಮರೆಯಬಾರದು. 1935ರಲ್ಲಿ ಅವರು ಸೆನೆಟರ್ ಆದರು, ಮರುವರ್ಷವೇ ತೀರಿಕೊಂಡರು. ಸಂಸತ್ತಿನ ಎರಡೂ ಸದನಗಳ ಸದಸ್ಯರಾಗಿ, ಎಲ್ಲಿಯೂ ಒಂದು ಭಾಷಣವನ್ನೂ ಮಾಡದ ಅಪರೂಪದ ವ್ಯಕ್ತಿ ಅವರು.

ಅದೇ 1926ರ ಸೆಪ್ಟೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಪ್ರಿನ್ಸ್ ಆಲ್ಬರ್ಟ್‌ನಲ್ಲಿ ಕಿಂಗ್ ವಿರುದ್ಧ ಸೋತ ಯುವ ವಕೀಲ ಜಾನ್ ಡೀಫನ್‌ಬೇಕರ್ ಮುಂದೆ ಮತ್ತೆ ಮತ್ತೆ ಸೋತರೂ ಕಣ ಬಿಡಲಿಲ್ಲ. 1957ರಲ್ಲಿ ಅವರೇ ಪ್ರಧಾನಿಯಾದರು!

ಅಂದು ಕೈಹಿಡಿದಿದ್ದ ಅದೇ ಪ್ರಿನ್ಸ್ ಆಲ್ಬರ್ಟ್ 1945ರಲ್ಲಿ ಕಿಂಗ್ ಅವರನ್ನು ಸೋಲಿಸಿತು. ಅಂತರ ಬರೀ 129 ಮತ. ಸ್ಥಳೀಯರ ಮತಗಳಲ್ಲಿ ಮುಂದಿದ್ದವರನ್ನು ಸೈನಿಕರ ಮತಗಳು ಹಿಂದಿಕ್ಕಿದವು. ಆಗಸ್ಟ್‌ನಲ್ಲೇ ಅವರು ಒಂಟಾರಿಯೊದ ಗ್ಲೆಂಗ್ಯಾರಿಯಿಂದ ಉಪಚುನಾವಣೆ ಗೆದ್ದು, 1948ರವರೆಗೆ ಪ್ರಧಾನಿಯಾಗಿ ಮುಂದುವರಿದರು.