ಎಲ್ಲರ ಸೊತ್ತು: ಮಾಫಿ ಕೇಳುವುದು ಯಾರಲ್ಲಿ?



ಒಂದು ರಾತ್ರಿ ಇಶಾ ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೆ ಹಿರಿಯರೊಬ್ಬರು ನಮ್ಮ ಬಳಿ ಬಂದು ಕುಳಿತರು. ವರ್ಷಗಳ ಹಿಂದೆ ಮಗಳ ಮದುವೆಗೆಂದು ಮಸೀದಿಯಿಂದ ಒಯ್ದಿದ್ದ ಒಂದು ದೇಗ್ ಮತ್ತು ಎರಡು ಜಮಖಾನೆ ಅವರ ಮನೆಯಲ್ಲೇ ಉಳಿದುಬಿಟ್ಟಿದ್ದವು. ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ಈಗ ದೇಗ್ ತೂತಾಗಿದೆ, ಜಮಖಾನೆ ಹರಿದಿವೆ. “ಹಝ್ರತ್, ಮಾಫ್ ಮಾಡಿಬಿಡಿ” ಎಂದರು. “ಚಾಚಾ, ನಮ್ಮದಾಗಿದ್ದರೆ ಈಗಲೇ ಮಾಫ್ ಮಾಡುತ್ತಿದ್ದೆವು. ಅದು ನಮ್ಮದಲ್ಲವಲ್ಲ” ಎಂದೆವು. ಆ ವಾರದ ಜುಮಾ ಖುತ್ಬಾಕ್ಕೆ ನಾವು ಇದೇ ವಿಷಯವನ್ನು ಎತ್ತಿಕೊಂಡೆವು.

ನೆರೆಮನೆಯವನ ವಸ್ತು ಹಾಳು ಮಾಡಿದರೆ ಅವನ ಬಾಗಿಲು ತಟ್ಟಿ ಮಾಫಿ ಕೇಳಬಹುದು. ಎಲ್ಲರ ಸೊತ್ತಿಗೆ ಹಕ್ಕುದಾರರು ಎಷ್ಟು ಮಂದಿ? ಕೆಲವರು ಖಬರಸ್ತಾನ್ ಸೇರಿದ್ದಾರೆ, ಕೆಲವರು ಇನ್ನೂ ಹುಟ್ಟಿಲ್ಲ. ಹಝ್ರತ್ ಉಮರ್(ರ) ಖೈಬರ್‌ನ ತಮ್ಮ ಜಮೀನನ್ನು ವಕ್ಫ್ ಮಾಡಿದಾಗ ಇಟ್ಟ ಷರತ್ತು ಇದು: ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸುದಾರರಿಗೆ ಹಂಚುವಂತಿಲ್ಲ. ನೋಡಿಕೊಳ್ಳುವವನು ಮಿತವಾಗಿ ಉಣ್ಣಬಹುದು, ಗಂಟು ಕಟ್ಟಬಾರದು. ಅಂದರೆ ಮುತವಲ್ಲಿ ಕಾವಲುಗಾರ, ಮಾಲಕನಲ್ಲ. ವಕ್ಫ್‌ಗೆ ಬರಬೇಕಾದುದನ್ನು ದಾಕ್ಷಿಣ್ಯಕ್ಕೆ ಬಿಟ್ಟುಕೊಡುವ ಅಧಿಕಾರ ಅವನಿಗೂ ಇಲ್ಲ, ಇಮಾಮರಿಗೂ ಇಲ್ಲ.

ಹಿಜರಿ 7ರಲ್ಲಿ ಖೈಬರ್‌ನಿಂದ ಮರಳುವಾಗ ಪ್ರವಾದಿ(ಸ)ರ ಸೇವಕನೊಬ್ಬ ಎಲ್ಲಿಂದಲೋ ಬಂದ ಬಾಣ ತಗುಲಿ ಮೃತನಾದ. ಜನರು ಅವನಿಗೆ ಸ್ವರ್ಗದ ಶುಭ ಹೇಳಿದರು. ಪ್ರವಾದಿ(ಸ) ಒಪ್ಪಲಿಲ್ಲ. ಹಂಚಿಕೆಯಾಗುವ ಮುನ್ನ ಅವನು ತೆಗೆದುಕೊಂಡಿದ್ದ ಒಂದು ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದರು. ಇದನ್ನು ಕೇಳಿದವನೊಬ್ಬ ಓಡಿಹೋಗಿ ಚಪ್ಪಲಿಯ ಬಾರನ್ನು ತಂದೊಪ್ಪಿಸಿದ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಒಂದು ಹೊದಿಕೆ, ಒಂದು ಚಪ್ಪಲಿಯ ಬಾರು! “ಇಷ್ಟು ಸಣ್ಣದಕ್ಕೆ ಏನಾಗುತ್ತೆ” ಎನ್ನುವವರು ಯೋಚಿಸಬೇಕು.

ಇನ್ನು ನಮ್ಮ ದಿನನಿತ್ಯದ ಅದಬ್‌ಗಳು. ಮಸೀದಿಯ ವಸ್ತುವನ್ನು ಜವಾಬ್ದಾರರಿಗೆ ಹೇಳಿ, ಪುಸ್ತಕದಲ್ಲಿ ಬರೆಸಿ ಒಯ್ಯಬೇಕು. ಕೆಲಸ ಮುಗಿದ ಕೂಡಲೇ ತೊಳೆದು, ಎಣಿಸಿ ಒಪ್ಪಿಸಬೇಕು. ನಮ್ಮ ಅಜಾಗರೂಕತೆಯಿಂದ ಮುರಿದರೆ ಬಚ್ಚಿಡದೆ ಹೇಳಿ, ಸರಿಪಡಿಸಿ ಕೊಡಬೇಕು. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಎರಡು ಕೈ ಕೂಡಿಸಿದ ಬೊಗಸೆಯಷ್ಟು ನೀರಿನಲ್ಲಿ ವಝೂ ಮಾಡುತ್ತಿದ್ದರು. ನಾವು ನಲ್ಲಿ ಬಿಟ್ಟುಕೊಂಡು ಮಾತಿಗಿಳಿಯುತ್ತೇವೆ. ವಕ್ಫ್ ಅಂಗಡಿಯಲ್ಲಿರುವವರು, ಪಕ್ಕದ ಅಂಗಡಿಯ ಬಾಡಿಗೆ ಎಷ್ಟು, ತಾವು ಕೊಡುತ್ತಿರುವುದು ಎಷ್ಟು ಎಂದು ತಾವೇ ಕೇಳಿಕೊಳ್ಳಲಿ.

ಮಸೀದಿಯ ಹೊರಗೂ ಇದೇ ನಿಯಮ. ರಸ್ತೆ, ಸರ್ಕಾರಿ ಬಸ್ಸು, ಶಾಲೆ, ಆಸ್ಪತ್ರೆಯಲ್ಲಿ ಎಲ್ಲ ಧರ್ಮದ ನೆರೆಯವರ ಹಕ್ಕೂ ಇದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನ್‌ನ ಒಂದು ಶಾಖೆ. ಹಾಗಿರುವಾಗ ಜುಮಾಕ್ಕೆ ಬಂದು ಬೇರೆಯವರ ಗೇಟಿಗೆ ಅಡ್ಡ ಬೈಕ್ ನಿಲ್ಲಿಸುವುದು ಯಾವ ಶಾಖೆ?

ನೋಡಿಯೂ ಸುಮ್ಮನಿರುವವರಿಗೆ ಹಡಗಿನ ಹದೀಸ್ ಇದೆ. ಕೆಳ ಅಂತಸ್ತಿನವರು ನೀರಿಗಾಗಿ ತಮ್ಮ ಭಾಗದಲ್ಲೇ ತೂತು ಕೊರೆಯಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ತಡೆದರೆ ಎಲ್ಲರೂ ಉಳಿಯುತ್ತಾರೆ.

ಹಾಗಾದರೆ ತೌಬಾದ ದಾರಿ? ವಸ್ತು ಇದ್ದರೆ ವಸ್ತು, ಇಲ್ಲದಿದ್ದರೆ ಅದರ ಬೆಲೆ, ಸೇರಬೇಕಾದಲ್ಲಿಗೇ ಸೇರಲಿ. ಹೆಸರು ಹೇಳಲು ನಾಚಿಕೆಯಾದರೆ ಹೇಳದೆಯೇ ಕೊಡಬಹುದು. ಆ ನಂತರ ಅಲ್ಲಾಹನಲ್ಲಿ ಕ್ಷಮೆ ಕೇಳಬೇಕು.

ಆ ಹಿರಿಯರು ಮರುವಾರ ಹೊಸ ದೇಗ್ ಮತ್ತು ಎರಡು ಜಮಖಾನೆ ತಂದು ಮಸೀದಿಯಲ್ಲಿಟ್ಟರು. “ಇವತ್ತು ನಿದ್ದೆ ಬರುತ್ತೆ, ಹಝ್ರತ್” ಎಂದು ನಕ್ಕರು.

ನಮ್ಮ ಮನೆಯ ಮೂಲೆಗಳಲ್ಲೂ ಎಲ್ಲರ ಸೊತ್ತು ಏನಾದರೂ ಉಳಿದಿದೆಯೇ ಎಂದು ಇಂದೇ ನೋಡೋಣ. ಅಮಾನತ್‌ಗಳನ್ನು ಮರಳಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.