ಜೀನ್ ಒಂದೇ, ಕಾಯಿಲೆಯ ಉಗ್ರತೆ ಬೇರೆ

ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಸಿಬಿಸಿ ರಕ್ತಪರೀಕ್ಷೆ ಮಾಡಿಸಿದರೆ, ವರದಿಯಲ್ಲಿ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಸಂಖ್ಯೆಯ ಆಸುಪಾಸಿನಲ್ಲೇ ‘ಎಂಪಿವಿ’ ಎಂಬ ಸಾಲೊಂದು ಇರುತ್ತದೆ. ಅದು ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ. ಡೆಂಗಿ ಕಾಲದಲ್ಲಿ ಸಂಖ್ಯೆ ನೋಡಿ ಗಾಬರಿಯಾಗುವ ಮನೆಯವರು ಈ ಸಾಲನ್ನು ಓದುವುದೇ ಅಪರೂಪ. ಆದರೆ ಗಂಡುಮಗುವಿಗೆ ಪ್ಲೇಟ್‌ಲೆಟ್ ಸದಾ ಕಡಿಮೆ, ಚರ್ಮದಲ್ಲಿ ಇಸುಬು, ಮೇಲಿಂದ ಮೇಲೆ ಕಿವಿ ಸೋರುವುದು, ಜೊತೆಗೆ ಎಂಪಿವಿಯೂ ತೀರಾ ಚಿಕ್ಕದು ಎಂದಾದರೆ ವಿಸ್ಕಾಟ್–ಆಲ್ಡ್ರಿಚ್ ಸಿಂಡ್ರೋಮ್ ಇರಬಹುದೇ ಎಂದು ನೋಡಲೇಬೇಕು.

1937ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಗಂಡುಮಕ್ಕಳ ಬಗ್ಗೆ ಬರೆದರು. ಮೂವರೂ ಎಳವೆಯಲ್ಲೇ ತೀರಿಕೊಂಡಿದ್ದರು. ಅಕ್ಕತಂಗಿಯರಿಗೆ ಏನೂ ಆಗಿರಲಿಲ್ಲ. ದೋಷ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆಂದು 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ತೋರಿಸಿದರು. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಆ ಜೀನ್ ಸಿಕ್ಕಿದ್ದು 1994ರಲ್ಲಿ. ವಿಸ್ಕಾಟ್ ಕಂಡ ಕುಟುಂಬದ ಮ್ಯುಟೇಶನ್ 2006ರಲ್ಲಿ ಬೆಳಕಿಗೆ ಬಂತು: ಜೀನಿನ ಆರಂಭದಲ್ಲೇ ಎರಡು ಅಕ್ಷರ ಕಾಣೆ.

ಎರಡೇ ಅಕ್ಷರಕ್ಕೆ ಇಷ್ಟು ಅನಾಹುತವೇ? ಜೀವಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಅಂಗಿಯ ಮೊದಲ ಗುಂಡಿ ತಪ್ಪು ಕಾಜಕ್ಕೆ ಬಿದ್ದರೆ ಉಳಿದವೆಲ್ಲ ತಪ್ಪುವ ಹಾಗೆ, ಅಲ್ಲಿಂದಾಚೆ ಓದೆಲ್ಲ ಕೆಡುತ್ತದೆ. ರಕ್ತಕಣಗಳಿಗೆ ಬೇಕಾದ ಪ್ರೋಟೀನ್ ತಯಾರಾಗುವುದೇ ಇಲ್ಲ. ಸೋಂಕು, ರಕ್ತಸ್ರಾವ, ಮುಂದೆ ಲಿಂಫೋಮಾದಂಥ ಕ್ಯಾನ್ಸರಿನ ಭಯ, ಎಲ್ಲವೂ ಸೇರಿದ ಉಗ್ರರೂಪ ಇದು.

ಜೀನಿನ ಅದೇ ಆರಂಭದ ಭಾಗದಲ್ಲಿ ಅಕ್ಷರ ಕಳೆಯದೆ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಕಥೆ ಬೇರೆ. ಹೆಚ್ಚಿನ ಸಲ ಪ್ರೋಟೀನ್ ಸ್ವಲ್ಪವಾದರೂ ಉಳಿಯುತ್ತದೆ. ಅಂಥ ಹಲವರಲ್ಲಿ ಮುಖ್ಯ ತೊಂದರೆ ಪ್ಲೇಟ್‌ಲೆಟ್ ಕೊರತೆಯೊಂದೇ. ಇನ್ನು ಕೆಲವೇ ಮ್ಯುಟೇಶನ್‌ಗಳು ಪ್ರೋಟೀನಿನ ಚಟುವಟಿಕೆಯನ್ನು ಅತಿಯಾಗಿಸುತ್ತವೆ. ಆಗ ಪ್ಲೇಟ್‌ಲೆಟ್ ಬದಲು ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣ ಕುಸಿಯುತ್ತದೆ.

ಹಾಗಂತ ಜೀನ್ ವರದಿ ಜಾತಕವಲ್ಲ. ಸೌಮ್ಯರೂಪದವರಿಗೂ ಮುಂದೆ ತೀವ್ರ ರಕ್ತಸ್ರಾವವಾಗಬಹುದು, ಒಂದೇ ಮ್ಯುಟೇಶನ್ ಇರುವ ಅಣ್ಣತಮ್ಮಂದಿರ ಪಾಡೂ ಬೇರೆಯಾಗಬಹುದು. ಆದರೂ ಚಿಕಿತ್ಸೆಯ ದಾರಿ ಹಿಡಿಯಲು ಆ ವರದಿ ಬೇಕೇ ಬೇಕು. ಉಗ್ರರೂಪಕ್ಕೆ ಅಸ್ಥಿಮಜ್ಜೆ ಕಸಿ ಬೇಗ ಆಗಬೇಕು, ಐದು ವರ್ಷ ತುಂಬುವ ಮೊದಲಾದರೆ ಒಳ್ಳೆಯದು. ಈ ಕಾಯಿಲೆಯನ್ನು ಐಟಿಪಿ (ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ತೊಂದರೆ) ಎಂದು ತಪ್ಪಾಗಿ ತಿಳಿದು ಸ್ಟೀರಾಯ್ಡ್ ಕೊಡುತ್ತಾ ಕೂತರೆ ಆ ಅಮೂಲ್ಯ ಕಾಲ ಕೈತಪ್ಪುತ್ತದೆ.

ತಾಯಿಯನ್ನು ದೂರುವುದು ಅನ್ಯಾಯ. ಆಕೆಗೆ ತನ್ನಲ್ಲಿ ಇಂಥದ್ದಿದೆಯೆಂಬ ಸುಳಿವೇ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಆಕೆಯ ಅಣ್ಣತಮ್ಮಂದಿರೋ ಸೋದರಮಾವಂದಿರೋ ಎಳವೆಯಲ್ಲಿ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ಕಾಯಿಲೆಯೂ ಸೇರಿದೆ. ನಿಯೋಜಿತ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನಲ್ಲಿ ಆ ಹೊಣೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನದು.